ಸೀಬೆ ಮರದಲ್ಲಿ ಗಜ

ಹುಣಸೂರು

ಹುಣಸೂರಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ದುಬೈಗೆ ಹೋಗುವವರು, ಹಜ್‌ಗೆ ಹೋಗುವವರು, ಮಗಳ ಬಾಣಂತನಕ್ಕೆಂದು ಮೊದಲ ಸಲ ವಿಮಾನ ಹತ್ತುವ ಅಮ್ಮಂದಿರು, ಎಲ್ಲರೂ ನನ್ನ ಬಿಳಿ ಪರದೆಯ ಮುಂದೆ ಕೂತು, ಕಿವಿ ಕಾಣುವಂತೆ ಕೂದಲು ಸರಿಸಿಕೊಂಡೇ ಹೋದವರು. "ನಗಬೇಡಿ, ಗಲ್ಲ ಸ್ವಲ್ಪ ಕೆಳಗೆ" ಎಂದು ಇಷ್ಟು ಜನರನ್ನು ದೇಶ ದಾಟಿಸಿದ ನಾನು ಮಾತ್ರ ಮದುವೆ ಫೋಟೊ ತೆಗೆಯಲು ಪಿರಿಯಾಪಟ್ಟಣ, ಕೆ.ಆರ್. ನಗರ ಎಂದು ಅಲ್ಲಲ್ಲೇ ಸುತ್ತಿ ಐವತ್ತು ದಾಟಿದೆ.

ಹುಳುಗಳ ಹುಚ್ಚು ಹತ್ತಿದ್ದು ಒಂದು ಮಳೆಗಾಲದ ಬೆಳಿಗ್ಗೆ. ಷಟರ್ ಎತ್ತಲು ಬಗ್ಗಿದವನ ಕೈ ಅಲ್ಲೇ ನಿಂತಿತು. ಷಟರ್ ಮೇಲೆ ನನ್ನ ಅಂಗೈಯಷ್ಟು ದೊಡ್ಡ, ತಿಳಿಹಸಿರಿನ, ಎರಡು ಉದ್ದ ಬಾಲಗಳ ಪತಂಗವೊಂದು ಕೂತಿತ್ತು. ಬಾಲದ ತುದಿ ಎರಡೂ ರಿಬ್ಬನ್ನಿನಂತೆ ತಿರುಚಿಕೊಂಡಿದ್ದವು. ಟೀ ಅಂಗಡಿಯವರು, ಆಟೋದವರು, ಪಕ್ಕದ ಬೇಕರಿಯ ಮಲಯಾಳಿ ಹುಡುಗರು ಎಲ್ಲ ಸೇರಿದರು. ನಾನು ನೆಲಕ್ಕೆ ಕೂತು ಫೋಟೊ ತೆಗೆಯುತ್ತಲೇ ಇದ್ದೆ. ಹಿಂದಿನಿಂದ ಗಿರಾಕಿಯೊಬ್ಬ, "ಸಾ, ಅದ್ಕೇನು ಪಾಸ್‌ಪೋರ್ಟ್ ಬೇಕಾಗಿಲ್ಲ, ನನ್ದು ಮೊದ್ಲು ತೆಗೀರಿ, ಬಸ್ ಒಂಟೋಯ್ತದೆ" ಎಂದ. ಅವನ ಬಸ್ಸು ಹೋಗಿಯೇ ಹೋಯಿತು.

ಅಲ್ಲಿಂದ ಮುಂದೆ ಭಾನುವಾರ ಬಂದರೆ ಹನಗೋಡಿನ ಹೊಳೆದಂಡೆ, ಇಲ್ಲವೇ ಕಟ್ಟೆಮಳಲವಾಡಿಯ ಹೊಗೆಸೊಪ್ಪಿನ ಹೊಲ. ಎಲೆ ಮಗುಚಿ ಹುಳು ಹುಡುಕುವ ನನ್ನನ್ನು ಕಂಡು ರೈತರಿಗೆ ಗುಮಾನಿ. "ಏನ್ ಸಾ, ನಮ್ ಹೊಲದ್ ಹುಳಾನೆಲ್ಲ ಪಟ ತೆಗ್ದು ಸರ್ಕಾರಕ್ಕೆ ಕೊಡ್ತೀರಾ?" ಎಂದು ಒಬ್ಬರು ಕೇಳಿದ್ದರು. ಆದರೆ ನನ್ನ ಆಸೆ ಇದ್ದದ್ದು ಒಂದೇ ಒಂದು ಪತಂಗದ ಮೇಲೆ. ಜಗತ್ತಿನ ಅತಿ ದೊಡ್ಡ ಪತಂಗಗಳಲ್ಲಿ ಒಂದಾದ, ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯ ಚಿತ್ರವಿರುವ ಅಟ್ಲಾಸ್ ಪತಂಗ. ಅದು ಗೂಡು ಒಡೆದು ಹೊರಗೆ ಬಂದು, ಮುದುಡಿದ ರೆಕ್ಕೆ ಬಿಚ್ಚುವುದನ್ನು ನನ್ನ ಕ್ಯಾಮೆರಾದಲ್ಲಿ ಹಿಡಿಯಬೇಕು. ನಮ್ಮ ನಾಗರಹೊಳೆಯಲ್ಲೂ ಇದೆ ಎನ್ನುತ್ತಾರೆ. ನನಗೆ ಮಾತ್ರ ಸಿಕ್ಕಿರಲಿಲ್ಲ. ಬೋರ್ನಿಯೊ ದ್ವೀಪದ ಮಲೇಶಿಯಾ ಭಾಗದಲ್ಲಿ ಅದು ಮನೆಯ ಹಿತ್ತಲಿಗೇ ಬರುತ್ತದೆ ಎಂದು ಓದಿದ ದಿನ ನನ್ನ ಪಾಸ್‌ಪೋರ್ಟ್ ಫೋಟೊವನ್ನು ನಾನೇ ಟೈಮರ್ ಇಟ್ಟು ತೆಗೆದುಕೊಂಡೆ. ಹೆಂಡತಿ ಗಿರಿಜಾಳನ್ನೂ ಸ್ಟೂಲಿನ ಮೇಲೆ ಕೂರಿಸಿದೆ.

ಗಿರಿಜಾ ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಊರಿನವಳು. ಹುಳು ಹುಪ್ಪಟೆಗೆ ಅವಳು ಹೆದರುವವಳಲ್ಲ. ಮರಗಳು ದಟ್ಟವಾಗಿರುವ ಜಾಗ ಮಾತ್ರ ಆಗದು. ಅವಳ ಅಪ್ಪ, ಅಂದರೆ ನನ್ನ ಮಾವ, ಕಡೆಯವರೆಗೂ ಕೋಲೂರಿ ನಡೆದವರು. ಯಾವಾಗಲೋ ಆನೆ ಕಾಲು ಮುರಿದಿತ್ತಂತೆ. ಅಷ್ಟೇ ನನಗೆ ಗೊತ್ತಿದ್ದದ್ದು. ಆ ಮನೆಯಲ್ಲಿ ಅದರ ಮಾತು ಯಾರೂ ಎತ್ತುತ್ತಿರಲಿಲ್ಲ.

"ಅಲ್ಲಿ ಆನೆ ಅದಾವಾ?" ಎಂದಳು.

"ಆ ದ್ವೀಪದ ಇನ್ನೊಂದು ಮೂಲೇಲಿ ಅವೆಯಂತೆ. ನಾವು ಹೋಗೋ ಕಡೆ ಇಲ್ಲ."

"ಇನ್ನೊಂದ್ಸಲ ಯೋಳಿ."

ಹೇಳಿದೆ. "ಅಂಗಾರೆ ನಡೀರಿ" ಎಂದು ಗಲ್ಲ ಕೆಳಗೆ ಮಾಡಿ, ನಗದೆ, ಫೋಟೊಗೆ ಕೂತಳು.

ಕೋಟ ಕಿನಬಾಲು

ನಾವು ಇಳಿದ ಊರಿನ ಹೆಸರು ಕೋಟ ಕಿನಬಾಲು. ಅವರ ಭಾಷೆಯಲ್ಲೂ ಕೋಟ ಎಂದರೆ ಕೋಟೆಯೇ. "ಅಷ್ಟೊತ್ತು ಇಮಾನದಲ್ಲಿ ಕೂತು ಬಂದ್ರೂ ಕೋಟೆಗೇ ಬಂದ್ವಲ್ಲಾ" ಎಂದು ಗಿರಿಜಾ ಬೋರ್ಡನ್ನೇ ನೋಡಿದಳು. ಅದಕ್ಕೂ ಮೊದಲು ನನ್ನ ಪಾಸ್‌ಪೋರ್ಟ್ ನೋಡಿದ ಅಧಿಕಾರಿ ನನ್ನ ಹೆಸರನ್ನು ಬಾಯಿಬಿಟ್ಟು ಓದಿದ್ದ. ಮಲ್ಲೇಶಯ್ಯ. ಮತ್ತೊಮ್ಮೆ ಓದಿದ. ಪಕ್ಕದವನನ್ನು ಕರೆದು ತೋರಿಸಿದ. ಇಬ್ಬರೂ ನನ್ನತ್ತ ನೋಡಿ, "ಮಲೇಶಿಯಾ?" ಎಂದು ನಕ್ಕರು. ಇಡೀ ದೇಶಕ್ಕೆ ನನ್ನ ಹೆಸರಿಟ್ಟಿದ್ದಾರೆ ಎಂಬ ಗತ್ತಿನಲ್ಲಿ ನಾನು ಹೊರಗೆ ಬಂದೆ. ಗತ್ತಿನಲ್ಲಿ ಬಂದವನು ಪೆಟ್ಟಿಗೆಯನ್ನು ಅಲ್ಲೇ ಮರೆತಿದ್ದೆ. ಆ ಅಧಿಕಾರಿಯೇ "ಮಿಸ್ಟರ್ ಮಲೇಶಿಯಾ!" ಎಂದು ಕೂಗಿ ಕರೆದ.

ಗಿರಿಜಾಗೆ ಬೇರೆಯದೇ ಧೈರ್ಯವಿತ್ತು. ತವರಿನ ಕಡೆ ಕೇರಳದ ಗಡಿ ಹತ್ತಿರ, ಸ್ಟುಡಿಯೊ ಪಕ್ಕ ಮಲಯಾಳಿ ಬೇಕರಿ, ಹೀಗಾಗಿ ಅವಳಿಗೆ ಮಲಯಾಳಂ ಬರುತ್ತದೆ. ಮಲಯ್ ಭಾಷೆಯೂ ಅದರ ನೆಂಟನೇ ಇರಬೇಕು ಎಂಬುದು ಅವಳ ಲೆಕ್ಕ. ಸಂತೆಯಲ್ಲಿ ಅಂಗಡಿಯ ಹೆಂಗಸನ್ನು "ಚೇಚಿ, ವೆಳ್ಳಂ ಉಂಡೋ?" ಎಂದು ನೀರು ಕೇಳಿಯೇಬಿಟ್ಟಳು. ಆ ಹೆಂಗಸು ಬಹಳ ಯೋಚಿಸಿ, ಒಂದು ಅನಾನಸು ಎತ್ತಿಕೊಟ್ಟಳು. ಗಿರಿಜಾ ತಲೆಯಾಡಿಸಿದಳು. ನಮ್ಮ ತಲೆಯಾಡಿಸುವಿಕೆ ಅವರಿಗೆ ಹೌದೋ ಅಲ್ಲವೋ ತಿಳಿಯುವುದಿಲ್ಲ. ಎರಡನೆಯ ಅನಾನಸು ಬಂತು. ಸಂತೆ ಮುಗಿಯುವಷ್ಟರಲ್ಲಿ ನನ್ನ ಎರಡೂ ಕಂಕುಳಲ್ಲಿ ಅನಾನಸು, ಕುಡಿಯಲು ನೀರಿಲ್ಲ.

ಅದೇ ಸಂತೆಯಲ್ಲಿ ಮೊದಲ ಹುಳು ಕಂಡದ್ದು. ಪ್ಲಾಸ್ಟಿಕ್ ಬೋಗುಣಿಯ ತುಂಬ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ಮೆಲ್ಲಗೆ ಹೊರಳಾಡುತ್ತಿದ್ದವು. ನಮ್ಮ ಕಡೆ ತಿಪ್ಪೆ ಗೊಬ್ಬರ ಕೆದಕಿದಾಗ ಸಿಗುತ್ತವಲ್ಲ, ಅವುಗಳ ದಾಯಾದಿಗಳಂತೆ. ಒಂದು ಜಾತಿಯ ತಾಳೆಮರದ ತಿರುಳಲ್ಲಿ ಬೆಳೆಯುತ್ತವಂತೆ. ನಾನು ಕ್ಯಾಮೆರಾ ತೆಗೆದದ್ದೇ ತಡ, ಮಾರುವ ಅಜ್ಜಿಗೆ ನನಗೆ ಹಸಿವಾಗಿದೆ ಅನಿಸಿತು. ಒಂದನ್ನು ಎತ್ತಿ, ತಲೆ ಹಿಡಿದು, ನನ್ನ ಬಾಯಿಯ ಹತ್ತಿರಕ್ಕೇ ತಂದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಮೊಟ್ಟೆಯನ್ನೂ ಮುಟ್ಟದೆ ಬೆಳೆದವನು ನಾನು. ಹಿಂದೆ ಸರಿದೆ. ಅಜ್ಜಿ ಮುಂದೆ ಬಂದಳು. ಮತ್ತೆ ಸರಿದೆ. ಕೊನೆಗೆ ಗಿರಿಜಾ ಮಧ್ಯೆ ನಿಂತು, ಕೈ ಮುಗಿದು, ಅಜ್ಜಿಗೆ ಒಂದು ಅನಾನಸು ಕೊಟ್ಟಳು. ಅಜ್ಜಿ ಖುಷಿಯಾಗಿ ಹುಳುವನ್ನು ತಾನೇ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಸವಿದಳು. ನಮ್ಮ ಮನೆಯಲ್ಲಿ ಹೊಸ ಬೆಲ್ಲ ಬಾಯಿಗಿಟ್ಟವರ ಮುಖ ಹೀಗೇ ಇರುತ್ತದೆ.

ಲೀನಾ ಮನೆ

ಕಿನಬಾಲು ಬೆಟ್ಟದ ಬುಡದಲ್ಲಿ ಲೀನಾ ಎಂಬ ಹೆಂಗಸಿನ ಮನೆಯಲ್ಲಿ ನಾವು ಉಳಿದದ್ದು. ನಮ್ಮದೇ ವಯಸ್ಸು, ಗಟ್ಟಿ ಆಳು, ಗಂಡ ತೀರಿಹೋಗಿ ಒಬ್ಬಳೇ ಹೊಲ ಮಾಡುತ್ತಾಳೆ. ಕಂಬಗಳ ಮೇಲೆ ನಿಂತ ಮರದ ಮನೆ, ಮುಂದೆ ಇಳಿಜಾರಿನ ತರಕಾರಿ ಹೊಲ, ಅದರಾಚೆ ಕಾಡು. ಅಡುಗೆಮನೆ ಪಕ್ಕದ ಸೀಬೆ ಮರ ಕಂಡು ಗಿರಿಜಾ ತವರಿಗೆ ಬಂದವಳಂತೆ ಅಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದಳು. ಇಲ್ಲೂ ಚಪ್ಪಲಿ ಹೊರಗೇ ಬಿಡಬೇಕು.

ಅಲ್ಲಿನವರು ಯಾರನ್ನೂ ತೋರುಬೆರಳಿನಿಂದ ತೋರಿಸುವುದಿಲ್ಲ. ಮುಷ್ಟಿ ಮಡಚಿ ಹೆಬ್ಬೆರಳಿನಿಂದ ತೋರಿಸುತ್ತಾರೆ. ಲೀನಾ ನಮ್ಮಿಬ್ಬರತ್ತ ಹೆಬ್ಬೆರಳು ಮಾಡಿ, "ಸುವಾಮಿ, ಇಸ್ತೆರಿ?" ಎಂದಳು.

ಗಿರಿಜಾ ನನ್ನ ಮುಖ ನೋಡಿದಳು. "ಬಟ್ಟೆ ಇಸ್ತ್ರಿ ಮಾಡ್ಬೇಕಾ ಅಂತವ್ರಾ?"

ಲೀನಾಗೆ ಚೂರುಪಾರು ಇಂಗ್ಲಿಷ್ ಬರುತ್ತಿತ್ತು, ನನಗೂ ಅಷ್ಟೇ. ಬಿಡಿಸಿ ಕೇಳಿದಾಗ ಅರ್ಥವಾಯಿತು. ಸುವಾಮಿ ಎಂದರೆ ಗಂಡ, ನಮ್ಮ ಸ್ವಾಮಿ. ಇಸ್ತೆರಿ ಎಂದರೆ ಹೆಂಡತಿ, ನಮ್ಮ ಸ್ತ್ರೀ. ಹೆಸರಿಗೆ ನಾಮ, ಭಾಷೆಗೆ ಬಹಾಸ, ರುಚಿಗೆ ರಸ. ಎಂದೋ ಯಾವುದೋ ಹಡಗಿನಲ್ಲಿ ಹೋದ ನಮ್ಮ ಮಾತುಗಳು ಇಲ್ಲಿ ಸಂಸಾರ ಹೂಡಿ ಹಾಯಾಗಿದ್ದವು. ಗಿರಿಜಾಗೆ ಇದು ಎಷ್ಟು ಹಿಡಿಸಿತೆಂದರೆ, ಆ ದಿನವೆಲ್ಲ ನನ್ನನ್ನು "ಏನ್ರೀ" ಎಂದು ಕರೆಯುವ ಬದಲು "ಸುವಾಮೀ, ಚೊಂಬು ಎಲ್ಲಿಟ್ರಿ?" ಎಂದು ಕಾಡಿದಳು.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಲೀನಾ ಬಾಗಿಲು ತಟ್ಟಿದಳು. ಮನೆಯ ಪಕ್ಕದ ಬಿಳಿ ಗೋಡೆಗೆ ರಾತ್ರಿಯಿಡೀ ಒಂದು ದೀಪ ಹಚ್ಚಿಟ್ಟಿದ್ದಳು. ಹೊರಗೆ ಬಂದು ನೋಡಿದೆ, ಗೋಡೆ ಬಿಳಿ ಇರಲಿಲ್ಲ!

ಎಲ್ಲಿ ನೋಡಿದರೂ ಪತಂಗ. ಒಣಗಿದ ಎಲೆಯಂತೆ ಅಂಚು ಸುರುಳಿಯಾದದ್ದು. ಮುರಿದ ಕಡ್ಡಿಯಂತೆ ಕಾಣುವುದು, ಮುರಿದ ಜಾಗದಲ್ಲಿ ಮರದ ತಿರುಳಿನ ಬಣ್ಣವೂ ಸೇರಿದಂತೆ. ಹಕ್ಕಿ ಹಿಕ್ಕೆಯಂತೆ ಬಿಳಿ ಮೆತ್ತಿಕೊಂಡದ್ದು. ಅರಿಸಿನ ಕುಂಕುಮ ಎರಚಿದಂತೆ ಇರುವುದು. ದೀಪದ ಕೆಳಗೆ ಕೆಂಪು ಸೊಂಡಿಲಿನಂಥ ಮೂಗಿನ ಒಂದು ಹುಳು, ಮೈಯೆಲ್ಲ ಹಸಿರು, ಮೇಲೆ ಹಳದಿ ಚುಕ್ಕೆ. ಮೊಳದುದ್ದದ ಕಡ್ಡಿಹುಳು ಒಂದು ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ನಿಂತು, ಗಾಳಿ ಬೀಸಿದಾಗ ತಾನೂ ಗಿಡದ ಕಡ್ಡಿಯಂತೆ ತೂಗುತ್ತಿತ್ತು. ಯಾವುದನ್ನು ಮೊದಲು ತೆಗೆಯಲಿ? ಮದುವೆ ಮನೆಯಲ್ಲಿ ಧಾರೆ, ತಾಳಿ, ಊಟ ಮೂರೂ ಒಟ್ಟಿಗೆ ಶುರುವಾದರೆ ಫೋಟೊದವನ ಪಾಡೇನು? ಅವಸರದಲ್ಲಿ ತೆಗೆದ ಮೊದಲ ಫೋಟೊಗಳೆಲ್ಲ ಅಲ್ಲಾಡಿ ಹೋಗಿದ್ದವು.

ಅಷ್ಟರಲ್ಲಿ ಲೀನಾಳ ಕೋಳಿಗಳು ಬಂದವು. ದೀಪದ ಗೋಡೆ ಅವುಗಳ ಪಾಲಿಗೆ ದಿನದ ಉಪ್ಪಿಟ್ಟಿನ ತಟ್ಟೆ. ಹಾರಿ ಹಾರಿ ಕುಕ್ಕತೊಡಗಿದವು. ನಾನು ಕಣ್ಣಿಟ್ಟಿದ್ದ ಎಲೆಯಂಥ ಪತಂಗ ಕ್ಯಾಮೆರಾ ಹೊಂದಿಸುವಷ್ಟರಲ್ಲಿ ಒಂದು ಹುಂಜದ ಹೊಟ್ಟೆಗೆ ಹೋಯಿತು. "ಗಿರಿಜಾ!" ಎಂದು ಕೂಗಿದೆ. ಅವಳು ಸೆರಗು ಸಿಕ್ಕಿಸಿ ಅಂಗಳಕ್ಕೆ ಇಳಿದು, "ಎತ್ಲಾಗೋಯ್ತೀರೇ, ನಿಮ್ ಮನೆ ಹಾಳಾಗ! ಉಶ್! ಉಶ್!" ಎಂದಳು. ಬೋರ್ನಿಯೊದ ಕೋಳಿಗಳಿಗೆ ಎಚ್.ಡಿ. ಕೋಟೆ ಕನ್ನಡ ಚೆನ್ನಾಗಿ ಅರ್ಥವಾಯಿತು. ದಿಕ್ಕಾಪಾಲಾಗಿ ಓಡಿದವು. ಲೀನಾ ಹೊಸ್ತಿಲಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಗಜ

ಅಟ್ಲಾಸ್ ಮಾತ್ರ ಬಂದಿರಲಿಲ್ಲ. ಲೀನಾಗೆ ಪುಸ್ತಕದ ಚಿತ್ರ ತೋರಿಸಿದಾಗ, "ಇದೆ, ಇದೆ" ಎಂದು ಹೆಬ್ಬೆರಳಿನಿಂದ ಸೀಬೆ ಮರದ ಕಡೆ ತೋರಿಸಿದ್ದಳು. ಎಲೆಗಳ ನಡುವೆ ಒಂದು ಕಂದು ಗೂಡು ತೂಗುತ್ತಿತ್ತು. ನಮ್ಮ ರೇಷ್ಮೆ ಗೂಡಿನ ಹತ್ತರಷ್ಟಿರಬೇಕು. ಅದು ಯಾವಾಗ ಒಡೆಯುತ್ತದೋ ಯಾರಿಗೆ ಗೊತ್ತು? ನಾನು ಅದರ ಮುಂದೆ ಸ್ಟ್ಯಾಂಡ್ ನೆಟ್ಟು, ಕ್ಯಾಮೆರಾಗೆ ಕೊಡೆ ಕಟ್ಟಿ ಕಾದಿದ್ದೆ.

ಮುಂದಿನ ಬೆಳಿಗ್ಗೆ ಮಂಜು ಇಳಿದಿತ್ತು. ನಾನೂ ಗಿರಿಜಾಳೂ ಮುಂದಿನ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಿದ್ದೆವು. ಹಿಂದಿನಿಂದ ಲೀನಾಳ ಕೂಗು ಕೇಳಿತು.

"ಗಜಾ! ಗಜಾ! ಲೆಕಾಸ್! ಗಜಾ!"

ಲೆಕಾಸ್ ಎಂದರೆ ಬೇಗ. ಗಜ ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದಸರಾಕ್ಕೆ ಹೊರಡುವ ಆನೆಗಳ ಗಜಪಯಣ ಶುರುವಾಗುವುದೇ ನಮ್ಮ ತಾಲೂಕಿನಿಂದ. ಸ್ವಾಮಿ ಸುವಾಮಿಯಾದ ದೇಶದಲ್ಲಿ ಗಜ ಗಜವೇ ಅಲ್ಲವೆ?

ಗಿರಿಜಾಳ ಕೈಯಿಂದ ಲೋಟ ಬಿತ್ತು. "ಏಳ್ರೀ!" ಎಂದವಳೇ ಬರಿಗಾಲಲ್ಲಿ ಅಂಗಳ ದಾಟಿ, ಕೂಗು ಬಂದ ದಿಕ್ಕಿಗೆ ಬೆನ್ನು ಹಾಕಿ, ಇಳಿಜಾರಿನಲ್ಲಿ ಓಡಿದಳು. ನಾನೂ ಓಡಿದೆ. ಆನೆಗಿಂತ ಅವಳ ಮುಖ ನೋಡಿಯೇ ನನಗೆ ಹೆದರಿಕೆ ಹುಟ್ಟಿತ್ತು. ನಾಲ್ಕು ಹೆಜ್ಜೆಗೇ ಕೋಸಿನ ಮಡಿಯ ಕಾಲುವೆಯಲ್ಲಿ ಮುಗ್ಗರಿಸಿ ಮಕಾಡೆ ಬಿದ್ದೆ. ಕೆಸರು ಒರೆಸಿಕೊಂಡು ಏಳುವಷ್ಟರಲ್ಲಿ ಎದುರಿಗೆ ಬರೀ ಮಂಜು. ಗಿರಿಜಾ ಇಲ್ಲ.

ಹಿಂದೆ ನೋಡಿದರೆ ಲೀನಾ ನಗುತ್ತಾ ಬರುತ್ತಿದ್ದಳು. ಎರಡೂ ಕೈಗಳನ್ನು ಹಕ್ಕಿಯಂತೆ ಬಡಿದು, "ಕುಪು-ಕುಪು ಗಜಾ! ಕುಪು-ಕುಪು!" ಎಂದಳು. ಕುಪು-ಕುಪು ಎಂದರೆ ಪತಂಗ. ಆ ದೊಡ್ಡ ಪತಂಗಕ್ಕೆ ಅವರ ಊರಿನಲ್ಲಿ ಆನೆ ಪತಂಗ ಎಂದೇ ಹೆಸರಂತೆ. ಅವಳು ಅವಸರದಲ್ಲಿ ಪತಂಗ ಬಿಟ್ಟು ಆನೆಯನ್ನಷ್ಟೇ ಕೂಗಿದ್ದಳು.

ನನಗೂ ನಗು ಬಂತು. ನಗುತ್ತಲೇ "ಗಿರಿಜಾ, ಆನೆ ಇಲ್ಲ, ಬಾರೇ!" ಎಂದು ಕೂಗಿದೆ. ಉತ್ತರವಿಲ್ಲ. ಇನ್ನೂ ಜೋರಾಗಿ ಕೂಗಿದೆ. ಮಂಜಿನೊಳಗೆ ನನ್ನ ದನಿ ಒದ್ದೆ ಬಟ್ಟೆಯಂತೆ ಅಲ್ಲೇ ಬಿತ್ತು. ಲೀನಾಳ ನಗುವೂ ನಿಂತಿತು. ಇಳಿಜಾರಿನ ಕೆಳಗೆ ಹೊಳೆ ಇತ್ತು. ಹಿಂದಿನ ದಿನದ ಮಳೆಗೆ ಅದು ಭೋರ್ಗರೆಯುತ್ತಿತ್ತು. ಆ ಸದ್ದಿನಲ್ಲಿ ಅವಳಿಗೆ ನನ್ನ ಕೂಗು ಕೇಳಿಸುವುದಾದರೂ ಹೇಗೆ?

ಲೀನಾ ಮನೆಯಿಂದ ಕತ್ತಿ ತರಲು ಓಡಿದಳು, ನಾನೂ ಶೂ ಹಾಕಲು ಓಡಿದೆ. ಅಡುಗೆಮನೆ ಮೂಲೆಯಲ್ಲಿ ತಿರುಗಿದಾಗ ಸೀಬೆ ಮರ ಕಣ್ಣಿಗೆ ಬಿತ್ತು. ಗೂಡಿನ ಕೆಳಗೆ ಅದು ತೂಗುತ್ತಿತ್ತು. ದಪ್ಪ, ಕೆಂಗಂದು, ಉಣ್ಣೆಯಂಥ ಮೈ. ಒದ್ದೆ ಕರವಸ್ತ್ರದಂತೆ ಮುದುಡಿದ ರೆಕ್ಕೆಗಳಲ್ಲಿ ಒಂದರ ತುದಿ ಆಗಷ್ಟೇ ಬಿಚ್ಚುತ್ತಿತ್ತು. ನಾನು ಸಮುದ್ರ ದಾಟಿ ಬಂದದ್ದು ಇದೇ ಗಳಿಗೆಗಾಗಿ. ಕ್ಯಾಮೆರಾ ಅದರೆದುರಿಗೇ ನಿಂತಿತ್ತು, ಒಂದು ಗುಂಡಿ ಒತ್ತಿದರೆ ಸಾಕಿತ್ತು. ನೋಡಿದೆ, ಮುಂದೆ ಓಡಿದೆ. ಆ ಗುಂಡಿಯ ನೆನಪು ನನಗೆ ಬಂದದ್ದೇ ಎಷ್ಟೋ ಹೊತ್ತಿನ ಮೇಲೆ.

ಇಳಿಜಾರಿನಲ್ಲಿ ಲೀನಾ ಎಡಕ್ಕೆ, ನಾನು ಬಲಕ್ಕೆ. ಒದ್ದೆ ಹುಲ್ಲು ಎದೆಮಟ್ಟ. "ಗಿರಿಜಾ" ಎಂದು ನಾನು, "ಕಿರಿಜಾ" ಎಂದು ಅವಳು. ಹೊಳೆಯ ಹತ್ತಿರ ಹುಲ್ಲು ಬಗ್ಗಿದ ಗುರುತು ಕಂಡಿತು. ಅದು ನೀರಿನ ಅಂಚಿನವರೆಗೂ ಹೋಗಿತ್ತು. ನೀರಿಗೆ ಇಳಿದೆ, ಬಂಡೆ ಹಿಡಿದುಕೊಂಡು ಕೆಳಕ್ಕೆ ನೋಡಿದೆ. ಬಿಳಿ ನೊರೆ ಬಿಟ್ಟರೆ ಏನೂ ಇಲ್ಲ. ಕಾಡೆಂದರೆ ಆಗದವಳನ್ನು ಹುಳು ನೋಡಲು ಕರೆತಂದೆನಲ್ಲಾ ಎಂಬ ಒಂದೇ ಯೋಚನೆ ತಲೆಯಲ್ಲಿ ಗಿರ್ರನೆ ಸುತ್ತುತ್ತಿತ್ತು.

ಆಗ ಎಲ್ಲೋ ಮೇಲಿನಿಂದ, ಎಡಗಡೆಯಿಂದ, ಸಣ್ಣಗೆ ಬಂತು: "ಅಲ್ಲ್ಯಾಕ್ ನಿಂತಿದೀರಿ? ಮ್ಯಾಕೆ ಅತ್ರೀ! ಮ್ಯಾಕೆ ಅತ್ರೀ!"

ಅಟ್ಟಣೆ

ಹೊಲ ಕಾಡನ್ನು ಮುಟ್ಟುವ ಅಂಚಿನಲ್ಲಿ ನಾಲ್ಕು ಎತ್ತರದ ಕಂಬಗಳ ಮೇಲೆ ಹುಲ್ಲು ಹೊದಿಸಿದ ಕಾವಲು ಗುಡಿಸಲಿತ್ತು. ಹಂದಿ ಕಾಯಲು ಲೀನಾಳ ಗಂಡ ಕಟ್ಟಿದ್ದಂತೆ. ನಮ್ಮ ಕಡೆ ಹೊಲದಲ್ಲಿ ಹಾಕುವ ಅಟ್ಟಣೆಯೇ. ಅದರ ಮೇಲೆ ಗಿರಿಜಾ ಮೊಣಕಾಲು ತಬ್ಬಿ ಕೂತಿದ್ದಳು. ಹತ್ತುವಾಗ ಏಣಿಯ ಹಳೆಯ ಮೆಟ್ಟಿಲುಗಳು ಮುರಿದು ಬಿದ್ದಿದ್ದವು. ಪಾದ ಉಳುಕಿ ಊದಿತ್ತು.

"ಆನೆ ಓಯ್ತಾ?" ಎಂದಳು.

"ಆನೆ ಇಲ್ಲ ಕಣೇ. ಪತಂಗಕ್ಕೆ ಅವರು ಆನೆ ಅಂತಾರಂತೆ."

"ಸುಳ್ಳು ಯೋಳ್ಬ್ಯಾಡಿ. ಮೊದ್ಲು ಮ್ಯಾಕ್ ಬನ್ನಿ ನೀವು."

ಲೀನಾ ಬಿದಿರು ಏಣಿ ತರಲು ಹೋದಳು. ನಾನು ಕಂಬ ಹಿಡಿದು ಹೇಗೋ ತೆವಳಿ ಹತ್ತಿ ಅವಳ ಪಕ್ಕ ಕೂತೆ. ಅವಳು ನನ್ನ ತೋಳನ್ನು ಎರಡೂ ಕೈಯಿಂದ ಹಿಡಿದಳು. ಉಗುರು ಚುಚ್ಚುವಷ್ಟು ಬಿಗಿಯಾಗಿ. ಆಮೇಲೆ ಹೇಳತೊಡಗಿದಳು.

"ಅಪ್ಪನ್ ಕಾಲು ಮುರೀತಲ್ಲ, ಆವತ್ತು ನಾನೂ ಅಟ್ಟಣೆ ಮ್ಯಾಲಿದ್ದೆ. ಬೆಳಗಾಗೈತೆ, ಇನ್ ಬರಾಕಿಲ್ಲ ಅಂತ ಅಪ್ಪ ಕೆಳಗಿಳೀತು. ಜೋಳದೊಳಗೇ ನಿಂತಿತ್ತು ಅದು. ಅಪ್ಪ ಕೂಗಿದ್ದು ಒಂದೇ ಮಾತು. 'ಏನಾದ್ರೂ ಇಳೀಬ್ಯಾಡ ಕಣವ್ವ' ಅಂತು. ನಾ ಇಳೀನಿಲ್ಲ. ಅಪ್ಪ ನೆಲದಲ್ಲಿ ಬಿದ್ದು ನರಳ್ತಿತ್ತು, ನಾ ಮ್ಯಾಲಿಂದ ನೋಡ್ತಾ ಕೂತಿದ್ದೆ. ಜನ ಬರೋಗಂಟ ಕೂತಿದ್ದೆ."

ಇಷ್ಟು ವರ್ಷದ ಸಂಸಾರದಲ್ಲಿ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. "ಯಾಕೆ ಹೇಳಲಿಲ್ಲ?" ಎಂದೆ.

"ನೀವು ಕೇಳ್ನಿಲ್ಲ. ಅಪ್ಪಾನೂ ಮಾತೆತ್ಲಿಲ್ಲ. ಆದ್ರೆ ಮನೇಗೆ ಯಾರೇ ಬರ್ಲಿ, ನನ್ ಮಗಳು ನಾನ್ ಹೇಳ್ದಂಗೆ ಕೇಳ್ತಾಳೆ ಅಂತಿತ್ತು." ಮೂಗು ಒರೆಸಿಕೊಂಡಳು. "ಈಗ ನೀವು ಕೆಳಗೆ ನಿಂತಿದ್ರಲ್ಲಾ, ಇಳಿದುಬುಡಾನ ಅಂತ ಕಾಲು ಚಾಚಿದ್ದೆ ಕಣ್ರೀ. ಏಣೀನೇ ಇರ್ನಿಲ್ಲ."

ಅವಳ ಹೆಗಲ ಮೇಲೆ ಗೇಣುದ್ದದ ಕಡ್ಡಿಹುಳುವೊಂದು ನಿಧಾನ ನಡೆದು ಬಂದು ಕಿವಿಯ ಓಲೆಯನ್ನು ಮುಟ್ಟಿ ನೋಡುತ್ತಿತ್ತು. ತೆಗೆಯಲು ಕೈ ಚಾಚಿದೆ. "ಇರ್ಲಿ ಬುಡಿ, ಆಗಿಂದ ಇದೇ ನಂಗೆ ಜೊತೆ" ಎಂದಳು.

ಲೀನಾ ಏಣಿ ತಂದಳು. ಇಬ್ಬರೂ ಸೇರಿ ಗಿರಿಜಾಳನ್ನು ಇಳಿಸಿದೆವು. ಕೆಳಗೆ ಬಂದ ಮೇಲೆ ಲೀನಾ ತನ್ನ ಕೆನ್ನೆಗೆ ತಾನೇ ಎರಡೇಟು ಹಾಕಿಕೊಂಡು, "ಮಾಫ್, ಮಾಫ್" ಎಂದು ಅತ್ತಳು. ಮಾಫಿ ಎಂಬುದಕ್ಕೂ ನಮಗೆ ಅರ್ಥ ಬೇಕಿರಲಿಲ್ಲ. ಗಿರಿಜಾ ಅವಳ ಕೈ ಹಿಡಿದು, "ಎಲ್ಲೈತೆ ನಿನ್ ಆನೆ? ತೋರ್ಸು ನಡಿ" ಎಂದಳು.

ಸೀಬೆ ಮರದ ಕೆಳಗೆ ನಿಂತೆವು. ರೆಕ್ಕೆಗಳು ಪೂರ್ತಿ ಬಿಚ್ಚಿದ್ದವು. ಒಂದು ಊಟದ ತಟ್ಟೆಯನ್ನು ಮುಚ್ಚುವಷ್ಟು ಅಗಲ. ಇಟ್ಟಿಗೆಯ ಕೆಂಪು, ಅಂಚಿಗೆ ಹಳದಿ, ನಡುವೆ ಕಿಟಕಿಗೆ ಗಾಜು ಕೂರಿಸಿದಂತೆ ಆಚೆ ಕಾಣುವ ಮೂರು ಮೂಲೆಯ ಕಿಂಡಿಗಳು. ಮೇಲಿನ ತುದಿಗಳಲ್ಲಿ ಎರಡು ಹಾವಿನ ತಲೆ, ಕಣ್ಣೂ ಬಾಯಿಗೆರೆಯೂ ಸೇರಿದಂತೆ. ಮಂಜು ಸರಿದು ಬಿಸಿಲು ಬಿದ್ದಾಗ ಅದು ಒಮ್ಮೆ ಮೈ ಅದುರಿಸಿತು. ಇಡೀ ಕೊಂಬೆ ಅದುರಿತು.

"ರಾಮ ರಾಮಾ!" ಎಂದಳು ಗಿರಿಜಾ.

ಲೀನಾ ಕಣ್ಣೊರೆಸಿಕೊಳ್ಳುತ್ತಲೇ ಜೋರಾಗಿ ತಲೆಯಲ್ಲಾಡಿಸಿದಳು. "ರಾಮ-ರಾಮ ಅಲ್ಲ! ಕುಪು-ಕುಪು!" ಅವರ ಮಾತಿನಲ್ಲಿ ರಾಮ-ರಾಮ ಎಂದರೆ ಚಿಟ್ಟೆಯಂತೆ. ಇದು ಪತಂಗ, ಚಿಟ್ಟೆಯಲ್ಲ ಎಂದು ತಿದ್ದುತ್ತಿದ್ದಳು. ನಾನು ಕನ್ನಡದಲ್ಲಿ ಇದನ್ನು ಬಿಡಿಸಿ ಹೇಳಿದಾಗ ಗಿರಿಜಾಳಿಗೆ ತಡೆಯಲಾಗದ ನಗು ಹತ್ತಿಕೊಂಡಿತು. ಉಳುಕಿದ ಕಾಲು ಎತ್ತಿ ಹಿಡಿದು, ಒಂಟಿ ಕಾಲಲ್ಲಿ ನನ್ನ ಹೆಗಲಿಗೆ ಜೋತುಬಿದ್ದು, ಉಸಿರು ಕಟ್ಟುವವರೆಗೆ ನಕ್ಕಳು.

ಶಾಲು

ಕಾಲು ಊದಿದ್ದರಿಂದ ಗಿರಿಜಾ ಎಲ್ಲೂ ಹೋಗುವಂತಿರಲಿಲ್ಲ. ಬೆಟ್ಟದ ಮೇಲೆ ಹೋಗುವ ನನ್ನ ಯೋಜನೆಯೂ ನಿಂತಿತು. ಸೀಬೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಬೈಲಕುಪ್ಪೆಯ ಟಿಬೆಟಿನವರಿಂದ ಕೊಂಡ ಕೆಂಪು ಉಣ್ಣೆಯ ಶಾಲು ಹೊದ್ದು, ಅವಳು ಪತಂಗಕ್ಕೆ ಕಾವಲು ಕೂತಳು. ಕೋಳಿಗಳು ಆ ದಿಕ್ಕಿಗೆ ತಲೆ ಹಾಕಲಿಲ್ಲ.

ಅದು ಹೆಣ್ಣು, ಅದಕ್ಕೆ ಬಾಯಿಯೇ ಇಲ್ಲ ಎಂದು ಹೇಳಿದೆ. ಹೊರಗೆ ಬಂದ ಮೇಲೆ ಏನೂ ತಿನ್ನುವುದಿಲ್ಲ, ಕಂಬಳಿಹುಳುವಾಗಿದ್ದಾಗ ತಿಂದದ್ದರಲ್ಲೇ ಒಂದು ವಾರದ ಬದುಕು.

"ಅಯ್ಯೋ, ಬಾಣಂತಿ ಅಂಗೆ ಉಪ್ವಾಸ ಇರ್ತದಾ?" ಎಂದಳು. "ಗಂಡೆಲ್ಲಿ?"

ಗಂಡು ಮಾರನೆಯ ಬೆಳಿಗ್ಗೆಗೆ ಬಂದಿತ್ತು. ಹೆಣ್ಣಿನ ವಾಸನೆಯನ್ನು ಹರದಾರಿ ದೂರದಿಂದ ಹಿಡಿಯುತ್ತದಂತೆ. ಗರಿಯಂಥ ದೊಡ್ಡ ಮೀಸೆ, ಒಂದು ರೆಕ್ಕೆಯ ಅಂಚು ಹರಿದಿತ್ತು. ಯಾವ ಹಕ್ಕಿಯಿಂದ ತಪ್ಪಿಸಿಕೊಂಡು ಬಂದಿತ್ತೋ! ಎರಡೂ ಬೆನ್ನು ಮಾಡಿ ಕೂಡಿಕೊಂಡು ಕೊಂಬೆಯಲ್ಲಿ ಅಲುಗದೆ ತೂಗುತ್ತಿದ್ದವು. ನಾನು ಏಣಿ ಮೇಲೆ, ಕೆಳಗೆ, ಬಗ್ಗಿ, ಮಲಗಿ ಫೋಟೊ ತೆಗೆದೆ. "ಮದ್ವೆ ಫೋಟೊ ಬುಡಾಕಿಲ್ವಲ್ಲ ನಿಮ್ಗೆ" ಎಂದಳು ಗಿರಿಜಾ. ಬಳಿಕ ಕ್ಯಾಮೆರಾ ಇಸಿದುಕೊಂಡು ತಾನೂ ಒಂದು ತೆಗೆದಳು. ಅದರಲ್ಲಿ ಪತಂಗಗಳಿಗಿಂತ ನನ್ನ ಬೆನ್ನೇ ದೊಡ್ಡದಾಗಿ ಬಂದಿದೆ. ಆದರೂ ಹುಣಸೂರಿನ ಸ್ಟುಡಿಯೊದಲ್ಲಿ ಈಗ ಚೌಕಟ್ಟು ಹಾಕಿ ತೂಗುಹಾಕಿರುವುದು ಅದನ್ನೇ.

ಹೊರಡುವ ದಿನ ಗಿರಿಜಾ ಶಾಲು ಹುಡುಕಿದಳು. ಹಿಂದಿನ ಸಂಜೆ ತಂತಿಯ ಮೇಲೆ ಹರವಿ ಮರೆತಿದ್ದಳು. ಮುಟ್ಟಲು ಹೋದವಳು ಕೈ ಹಿಂದೆ ತೆಗೆದಳು. ಶಾಲಿನ ಅಂಚಿನುದ್ದಕ್ಕೂ ಸಾಸಿವೆಗಿಂತ ದೊಡ್ಡ, ತಿಳಿಗೆಂಪಿನ ಮೊಟ್ಟೆಗಳು ಸಾಲುಸಾಲಾಗಿ ಅಂಟಿಕೊಂಡಿದ್ದವು. ಸೀಬೆ ಎಲೆ ಅಷ್ಟಿದ್ದರೂ ಆ ಹೆಣ್ಣು ಇವಳ ಶಾಲನ್ನೇ ಆರಿಸಿಕೊಂಡಿತ್ತು.

"ತಗೊಂಡೋಗಾಣ" ಎಂದಳು.

"ಜೀವ ಇರೋದನ್ನ ವಿಮಾನದಲ್ಲಿ ಬಿಡಲ್ಲ. ಹುಣಸೂರಿಗೆ ತಂದರೆ ಬದುಕೋದೂ ಇಲ್ಲ."

ಮೊಟ್ಟೆ ಕೆರೆದು ತೆಗೆಯುತ್ತೇನೆ ಎಂಬಂತೆ ಲೀನಾ ಉಗುರು ತೋರಿಸಿದಳು. ಗಿರಿಜಾ ಅವಳ ಕೈ ಹಿಡಿದು ಬೇಡ ಎಂದಳು. ಶಾಲನ್ನು ತಂತಿಯಿಂದ ಹುಷಾರಾಗಿ ಬಿಡಿಸಿ, ಸೀಬೆ ಮರದ ಕೆಳಗಿನ ಕೊಂಬೆಗೆ, ಮಳೆ ಬೀಳದ ಕಡೆ ಹೊದಿಸಿ ಗಂಟು ಹಾಕಿದಳು. ಬಟ್ಟೆ ಒಗೆಯುವಂತೆ ಕೈ ತಿಕ್ಕಿ ತೋರಿಸಿ, "ಒಗೀಬ್ಯಾಡ ಕಣಕ್ಕ, ಕೋಳಿ ಬುಡ್ಬ್ಯಾಡ" ಎಂದಳು. ಲೀನಾ ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದಳು. ಇಬ್ಬರೂ ಒಬ್ಬರ ಮಾತಿಗೊಬ್ಬರು ತಲೆಯಾಡಿಸಿದರು.

ವ್ಯಾನು ಬೆಟ್ಟದ ತಿರುವುಗಳನ್ನು ಹತ್ತುವಾಗ ಚಳಿ ಕೊರೆಯತೊಡಗಿತು. ಗಿರಿಜಾ ಕೈ ಕಟ್ಟಿ ಕೂತಿದ್ದಳು, ಹಲ್ಲು ಕಟಕಟ ಎನ್ನುತ್ತಿತ್ತು. ನನ್ನ ಜರ್ಕಿನ್ ಬಿಚ್ಚಿ ಕೊಟ್ಟೆ, ಬೇಡವೆಂದಳು. ಕಿಟಕಿಯ ಆಚೆ ದಟ್ಟವಾದ ಕಾಡು ಎರಡೂ ಕಡೆ ಹತ್ತಿರ ಹತ್ತಿರ ಬರುತ್ತಿತ್ತು. ಅವಳು ಗಾಜಿಗೆ ಹಣೆ ಹಚ್ಚಿ ಅದನ್ನೇ ನೋಡುತ್ತಿದ್ದಳು.

"ಮೊಟ್ಟೆ ಒಡೆಯಾಕೆ ಎಷ್ಟ್ ದಿನ ಬೇಕು?"

"ಹತ್ತೋ ಹದಿನೈದೋ ದಿನ."

ಬೆರಳು ಮಡಚಿ ಲೆಕ್ಕ ಹಾಕಿದಳು. ಆಮೇಲೆ ನನ್ನತ್ತ ತಿರುಗಿ, ಮೊದಲಿನಿಂದಲೂ ತಪ್ಪೆಲ್ಲ ನನ್ನದೇ ಎಂಬ ದನಿಯಲ್ಲಿ ಹೇಳಿದಳು:

"ಅಷ್ಟ್ ದಿನ ಸ್ಟುಡಿಯೊ ಬಾಗ್ಲಾಕಿದ್ರೆ ಯಾರೇನ್ ಸಾಯ್ತಿರ್ನಿಲ್ಲ ಬುಡಿ."